ವಂಡರ್ ವುಮನ್ ಮತ್ತು ಒಬ್ಬ ಮುದುಕನ ಗೆರೆ

ವಂಡರ್ ವುಮನ್ ಅಂದರೆ ಇವತ್ತಿನವರಿಗೆ ಗ್ಯಾಲ್ ಗ್ಯಾಡಟ್ ಮುಖ ನೆನಪಾಗುತ್ತದೆ. ಸ್ವಲ್ಪ ಹಿಂದಿನವರಿಗೆ ಟೀವಿಯ ಲಿಂಡಾ ಕಾರ್ಟರ್. ಆಕೆಯನ್ನು ಮೊತ್ತಮೊದಲು ಕಾಗದದ ಮೇಲೆ ಮೂಡಿಸಿದವನು ಯಾರು ಎಂದು ಕೇಳಿದರೆ ಮಾತ್ರ ಕಾಮಿಕ್ಸ್ ಹುಚ್ಚಿನವರೂ ಒಂದು ಕ್ಷಣ ತಡವರಿಸುತ್ತಾರೆ. ಅವನ ಹೆಸರು ಹ್ಯಾರಿ ಜಾರ್ಜ್ ಪೀಟರ್. 1941ರಿಂದ 1958ರಲ್ಲಿ ತಾನು ಸಾಯುವವರೆಗೂ ಅವನು ಆಕೆಯ ಚಿತ್ರ ಬರೆದ. ಅವನ ಹೆಸರು ಗೊತ್ತಿರುವವರು ಕೂಡ ಹೆಚ್ಚಾಗಿ ಕ್ಷಮೆ ಕೇಳುವ ದನಿಯಲ್ಲಿ ಮಾತಾಡುತ್ತಾರೆ: ಕಥೆಗಳೇನೋ ವಿಚಿತ್ರವಾಗಿ ಚೆನ್ನಾಗಿವೆ, ಚಿತ್ರಗಳು ಮಾತ್ರ ಸ್ವಲ್ಪ ಒರಟು, ಹಳೇ ಕಾಲದ್ದು, ಮರದ ಗೊಂಬೆಗಳ ಹಾಗೆ.

ಈಚೆಗೆ ಕೆಲವು ತಿಂಗಳಿಂದ ಆ ಹಳೆಯ ಸಂಚಿಕೆಗಳ ಮರುಮುದ್ರಣಗಳನ್ನು ಮತ್ತೆ ಮತ್ತೆ ತಿರುವಿಹಾಕುತ್ತಿದ್ದೇನೆ. ಮೊದಲು ಮಾತುಗಳನ್ನು ಓದಿದೆ. ಆಮೇಲೆ ಮಾತುಗಳನ್ನು ಬಿಟ್ಟು ಬರೀ ಚಿತ್ರಗಳನ್ನು ನೋಡತೊಡಗಿದೆ. ನೋಡಿದಷ್ಟೂ ಆ ಕ್ಷಮಾಪಣೆ ಅನಗತ್ಯ ಅನ್ನಿಸಿತು. ಪೀಟರ್‌ನ ಗೆರೆ ಒರಟಲ್ಲ, ಅದು ಬೇರೆ ಕಾಲದ್ದು. ಆ ಬೇರೆ ಕಾಲ ಯಾವುದು ಎಂದು ಹುಡುಕುತ್ತ ಹೋದರೆ ಅಮೆರಿಕದ ಹೆಂಗಸರು ಮತದಾನದ ಹಕ್ಕಿಗಾಗಿ ಬೀದಿಗಿಳಿದ ದಿನಗಳಿಗೆ ಹೋಗಿ ನಿಲ್ಲುತ್ತೇವೆ.

ಮೊದಲು ಪುಟವನ್ನೇ ನೋಡೋಣ. ಪೀಟರ್ ಬರೆದ ದೇಹಗಳ ಸುತ್ತ ದಪ್ಪನೆಯ ಕಪ್ಪು ಅಂಚು ಇರುತ್ತದೆ. ಅಂಚಿನ ಒಳಗೆ, ಬಟ್ಟೆಯ ಮಡಿಕೆಯಲ್ಲಿ, ಕೆನ್ನೆಯ ನೆರಳಲ್ಲಿ, ತೊಡೆಯ ತಿರುವಿನಲ್ಲಿ ಕೂದಲೆಳೆಯಂಥ ಸಣ್ಣ ಗೆರೆಗಳು ಸಾಲಾಗಿ ಓಡುತ್ತವೆ. ದಪ್ಪ ಅಂಚು, ಸಣ್ಣ ಗೆರೆ ಎರಡೂ ಒಂದೇ ಚೌಕದಲ್ಲಿ ಸೇರಿ ಒಂದು ರೀತಿಯ ಕಸೂತಿಯ ಹಾಗೆ ಕಾಣುತ್ತದೆ. ವಂಡರ್ ವುಮನ್‌ಳ ಕೂದಲು ಒಂದು ಕಪ್ಪು ಮೋಡ, ಅದರ ನಡುವೆ ಬಿಳಿಯ ಹೊಳಪಿನ ಸುರುಳಿಗಳು. ತುಟಿ ಪುಟ್ಟದು, ಹುಬ್ಬು ಕಮಾನು. ಮೈ ತೆಳುವಾದರೂ ಗಟ್ಟಿ, ಓಟಗಾರ್ತಿಯ ಮೈ. ಆಮೇಲಿನ ಚಿತ್ರಗಾರರು ಆಕೆಗೆ ಕೊಟ್ಟ ತುಂಬು ಎದೆ, ಬಳುಕುವ ಸೊಂಟ ಇಲ್ಲಿಲ್ಲ. ಓಡುವಾಗ ಆಕೆ ಓಡುತ್ತಾಳೆ. ಓಡುತ್ತಲೇ ಓದುಗನ ಕಡೆ ಸೊಂಟ ತಿರುಗಿಸಿ ನಿಲ್ಲುವುದಿಲ್ಲ. ಈ ಒಂದು ವ್ಯತ್ಯಾಸ ಸಣ್ಣದಲ್ಲ. ಸೂಪರ್‌ ಹೀರೋ ಕಾಮಿಕ್ಸಿನ ಹೆಂಗಸರನ್ನು ಯಾರ ಕಣ್ಣಿಗಾಗಿ ಬರೆಯಲಾಗಿದೆ ಎಂಬ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಸೊಂಟದ ತಿರುವಿನಲ್ಲೇ ಸಿಕ್ಕಿಬಿಡುತ್ತದೆ.

ಗೊಂಬೆಯಂತಿವೆ ಎನ್ನುವ ದೂರಿನಲ್ಲಿ ಸತ್ಯವಿಲ್ಲ ಎನ್ನಲಾರೆ. ಕೈಬೆರಳುಗಳು ಕೆಲವೊಮ್ಮೆ ಸೆಟೆದಿರುತ್ತವೆ, ಹಾರುವವರು ಹಾರುತ್ತಿಲ್ಲ, ತೂಗುಹಾಕಿದ ಹಾಗೆ ಇರುತ್ತಾರೆ. ಆದರೆ ಚಂದಮಾಮ ಓದಿ ಬೆಳೆದ ನಮ್ಮಂಥವರಿಗೆ ಇದು ದೊಡ್ಡ ತೊಡಕಾಗಬಾರದು. ಹೆಣ ಹೊತ್ತು ಕತ್ತಿ ಹಿಡಿದ ವಿಕ್ರಮನನ್ನು ಶಂಕರ್ ಬರೆದ ಚಿತ್ರ ನೆನಪಿಸಿಕೊಳ್ಳಿ. ಅಲ್ಲಿ ನಾವು ಹುಡುಕಿದ್ದು ಫೋಟೋದಂಥ ನೈಜತೆಯನ್ನಲ್ಲ. ಗೆರೆಯೇ ಒಂದು ಲೋಕವನ್ನು ಕಟ್ಟಿಕೊಡುತ್ತಿತ್ತು, ನಾವು ಅದರೊಳಗೆ ಹೋಗಿ ಕೂರುತ್ತಿದ್ದೆವು. ಪೀಟರ್‌ನನ್ನೂ ಹಾಗೆಯೇ ನೋಡಬೇಕು.

ಆಕೆ ಹುಟ್ಟಿದ ಕಥೆಯನ್ನು ಇಲ್ಲಿ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದು ಈಗ ಸಾಕಷ್ಟು ಪ್ರಸಿದ್ಧ. ಜಿಲ್ ಲೆಪೋರ್ ಎಂಬ ಇತಿಹಾಸಕಾರ್ತಿ 2014ರಲ್ಲಿ ಅದರ ಮೇಲೆ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ವಿಲಿಯಂ ಮೌಲ್ಟನ್ ಮಾರ್ಸ್ಟನ್ ಹಾರ್ವರ್ಡ್‌ನಲ್ಲಿ ಓದಿದ ಮನಶ್ಶಾಸ್ತ್ರಜ್ಞ. ರಕ್ತದೊತ್ತಡ ಅಳೆದು ಸುಳ್ಳು ಪತ್ತೆಹಚ್ಚುವ ಪರೀಕ್ಷೆಯ ಮೇಲೆ ಕೆಲಸ ಮಾಡಿದವನು. ಮನೆಯಲ್ಲಿ ಹೆಂಡತಿ ಎಲಿಜಬೆತ್ ಹಾಲೊವೇ, ಜೊತೆಗೆ ಆಲಿವ್ ಬರ್ನ್ ಎಂಬ ಇನ್ನೊಬ್ಬ ಸಂಗಾತಿ. ಇಬ್ಬರಲ್ಲೂ ಅವನಿಗೆ ಮಕ್ಕಳಿದ್ದರು. ಆಲಿವ್, ಗರ್ಭನಿರೋಧಕ ಚಳವಳಿಯ ಮುಂದಾಳು ಮಾರ್ಗರೆಟ್ ಸ್ಯಾಂಗರ್‌ಳ ಸೋದರಿಯ ಮಗಳು. ಆಕೆ ಕೈಗೆ ಹಾಕಿಕೊಳ್ಳುತ್ತಿದ್ದ ಅಗಲವಾದ ಬೆಳ್ಳಿ ಕಡಗಗಳೇ ಮುಂದೆ ವಂಡರ್ ವುಮನ್ ಗುಂಡು ತಡೆಯುವ ಕಡಗಗಳಾದವು. 1940ರಲ್ಲಿ ಆಲಿವ್ ಬೇರೆ ಹೆಸರಿನಲ್ಲಿ ಒಂದು ಗೃಹಿಣಿಯರ ಪತ್ರಿಕೆಗಾಗಿ ಮಾರ್ಸ್ಟನ್‌ನನ್ನು ಸಂದರ್ಶನ ಮಾಡಿದಳು, ಕಾಮಿಕ್ಸನ್ನು ನೋಡಿ ನಗಬೇಡಿ ಎಂಬುದು ಅದರ ಸಾರ. ಅದನ್ನು ಓದಿದ ಪ್ರಕಾಶಕ ಎಂ. ಸಿ. ಗೇನ್ಸ್ ಮಾರ್ಸ್ಟನ್‌ನನ್ನು ಸಲಹೆಗಾರನನ್ನಾಗಿ ಕರೆದುಕೊಂಡ. ಸಲಹೆಗಾರ ಸಲಹೆ ಕೊಟ್ಟ: ನಿಮ್ಮ ವೀರರೆಲ್ಲ ಗಂಡಸರು, ಒಬ್ಬಳು ಹೆಂಗಸು ಬೇಕು. ಹಾಗಾದರೆ ನೀನೇ ಬರೆ ಎಂದ ಗೇನ್ಸ್.

ಇಷ್ಟರವರೆಗೂ ಎಲ್ಲರೂ ಹೇಳುತ್ತಾರೆ. ಚಿತ್ರಗಾರ ಬರುವುದು ಒಂದು ಸಾಲಿನಲ್ಲಿ. ನನಗೆ ಕುತೂಹಲ ಹುಟ್ಟುವುದೇ ಅಲ್ಲಿಂದ.

1941ರಲ್ಲಿ ಕಾಮಿಕ್ಸ್ ಹುಡುಗರ ಕಸುಬು. ಸೂಪರ್‌ಮ್ಯಾನ್ ಹೊರಬಂದಾಗ ಅವನನ್ನು ಸೃಷ್ಟಿಸಿದ ಸೀಗೆಲ್ ಮತ್ತು ಶುಸ್ಟರ್ ಇಬ್ಬರಿಗೂ ಇಪ್ಪತ್ಮೂರು. ಕ್ಯಾಪ್ಟನ್ ಅಮೆರಿಕ ಬಂದಾಗ ಜ್ಯಾಕ್ ಕರ್ಬಿಗೂ ಇಪ್ಪತ್ಮೂರು. ಗೇನ್ಸ್‌ನ ಸಂಪಾದಕ ಶೆಲ್ಡನ್ ಮೇಯರ್‌ಗೆ ಇಪ್ಪತ್ನಾಲ್ಕು. ಪೀಟರ್‌ಗೆ ಅರವತ್ತೊಂದು! ಅವನು ಹುಟ್ಟಿದ್ದು 1880ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ದಿನಪತ್ರಿಕೆಗಳಿಗೆ ಚಿತ್ರ ಬರೆದು, ಆಮೇಲೆ ನ್ಯೂಯಾರ್ಕಿಗೆ ಬಂದವನು. ಹೆಂಡತಿ ಅಡೋನಿಕಾ ಫುಲ್ಟನ್ ಕೂಡ ಪತ್ರಿಕೆಗಳಿಗೆ ಮಸಿಚಿತ್ರ ಬರೆಯುತ್ತಿದ್ದವಳು. ಮೇಯರ್‌ಗೆ ಈ ಮುದುಕನ ಚಿತ್ರ ಅಷ್ಟಾಗಿ ಹಿಡಿಸಲಿಲ್ಲ. ಮಾರ್ಸ್ಟನ್ ಮಾತ್ರ ಪಟ್ಟು ಬಿಡಲಿಲ್ಲ, ಇವನೇ ಬೇಕು ಎಂದ.

ಪೀಟರ್ ಮೊದಲು ಕಳಿಸಿದ ನಕ್ಷೆ ಇಂದಿಗೂ ಉಳಿದಿದೆ, ಹಲವು ಪುಸ್ತಕಗಳಲ್ಲಿ ಅಚ್ಚಾಗಿದೆ. ಒಂದೇ ಹಾಳೆಯ ಮೇಲೆ ಇಬ್ಬರು ವಂಡರ್ ವುಮನ್‌ಗಳು, ಅಂಚಿನಲ್ಲಿ ಪೀಟರ್‌ನ ಕೈಬರಹದ ಟಿಪ್ಪಣಿ, ಅದೇ ಹಾಳೆಯಲ್ಲಿ ಮಾರ್ಸ್ಟನ್‌ನ ಉತ್ತರ. ಪೀಟರ್‌ನ ಟಿಪ್ಪಣಿಯಲ್ಲಿ ಸಿದ್ಧಾಂತವಿಲ್ಲ, ಕಸುಬಿನ ಗೊಣಗಾಟವಿದೆ. ಅವಸರದಲ್ಲಿ ಬರೆದೆ ಅನ್ನುತ್ತಾನೆ. ಎದೆಯ ಮೇಲಿನ ಹದ್ದು ಪಕ್ಕದಿಂದ ನೋಡಿದಾಗ ಸ್ಪಷ್ಟವಾಗಿ ಕಾಣುವುದಿಲ್ಲ, ಅದೊಂದು ತಲೆನೋವು ಅನ್ನುತ್ತಾನೆ. ಚಪ್ಪಲಿಗಳು ಆಫೀಸಿನ ಸ್ಟೆನೋಗ್ರಾಫರಳ ಚಪ್ಪಲಿಯ ಹಾಗೆ ಕಾಣುತ್ತಿವೆ, ರೋಮನ್ನರ ಕಾಲಿನ ಕಟ್ಟಿನ ಹಾಗೆ ಏನಾದರೂ ಮಾಡಬಹುದೇನೋ ಎಂದು ಸೂಚಿಸುತ್ತಾನೆ. ಮಾರ್ಸ್ಟನ್‌ಗೆ ಕೈಯೆತ್ತಿ ನಿಂತ ಹುಡುಗಿ ಇಷ್ಟವಾಗಿದ್ದಾಳೆ, ಲಂಗ, ಕಾಲು, ಕೂದಲು, ಕಡಗ ಎಲ್ಲಕ್ಕೂ ಒಪ್ಪಿಗೆ. ಕೊನೆಗೆ ಚಪ್ಪಲಿ ಹೋಗಿ ಕೆಂಪು ಬೂಟು ಬಂತು.

ಸ್ಟೆನೋಗ್ರಾಫರಳ ಚಪ್ಪಲಿ ಎಂಬ ಮಾತನ್ನು ನಾನು ಆಗಾಗ ನೆನೆದು ನಗುತ್ತೇನೆ. ದೇವತೆಯಂಥವಳನ್ನು ಬರೆಯಲು ಕೂತವನ ಲೇಖನಿಯಿಂದ ದಿನಾ ಕೆಲಸಕ್ಕೆ ಹೋಗುವ ಹೆಣ್ಣೊಬ್ಬಳ ಚಪ್ಪಲಿ ತಾನಾಗಿ ಇಳಿದಿದೆ. ಅಮೆಜಾನ್ ರಾಜಕುಮಾರಿ ಡಯಾನಾ ಮುಂದೆ ನರ್ಸಾಗಿ, ಸೇನಾ ಗುಪ್ತಚರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ವೇಷ ಮರೆಸಿಕೊಂಡು ದುಡಿಯುತ್ತಾಳೆ. ಪೀಟರ್ ಅತ್ಯಂತ ಸಲೀಸಾಗಿ ಬರೆದದ್ದು ಆ ಕಚೇರಿಯ ಡಯಾನಾಳನ್ನೇ ಎಂದು ನನಗನ್ನಿಸುತ್ತದೆ: ಕನ್ನಡಕ, ಬಿಗಿದು ಕಟ್ಟಿದ ಕೂದಲು, ಎಲ್ಲವನ್ನೂ ಬಲ್ಲ ಕಣ್ಣು.

ಇನ್ನು ಆ ಸಣ್ಣ ಗೆರೆಗಳು ಎಲ್ಲಿಂದ ಬಂದವು? ಪೀಟರ್ ಕಸುಬು ಕಲಿತ ಹೊತ್ತಿನಲ್ಲಿ ಅಮೆರಿಕದ ಪತ್ರಿಕಾ ಚಿತ್ರಗಾರರೆಲ್ಲ ಚಾರ್ಲ್ಸ್ ಡೇನಾ ಗಿಬ್ಸನ್‌ನ ನೆರಳಿನಲ್ಲಿದ್ದರು. 1890ರ ದಶಕದಲ್ಲಿ ಗಿಬ್ಸನ್ ಬರೆದ ಹೆಣ್ಣು, ಎತ್ತರದ ನಿಲುವು, ಮೇಲಕ್ಕೆತ್ತಿ ಕಟ್ಟಿದ ಕೂದಲು, ಗಂಡಸರನ್ನು ಸ್ವಲ್ಪ ಅಸಡ್ಡೆಯಿಂದ ನೋಡುವ ಅರೆಮುಚ್ಚಿದ ಕಣ್ಣು, ಒಂದು ಪೀಳಿಗೆಗೇ ಸೌಂದರ್ಯದ ಮಾದರಿಯಾದಳು. ಅದು ನಿಬ್ಬಿನ ಕಲೆ. ಬೂದುಬಣ್ಣ ಹಚ್ಚುವಂತಿಲ್ಲ. ಚಿತ್ರವನ್ನು ಲೋಹದ ಬ್ಲಾಕ್ ಮಾಡಿ ಒರಟು ಕಾಗದದ ಮೇಲೆ ಒತ್ತುವಾಗ ಗೆರೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನೆರಳು ಬೇಕೆಂದರೆ ಗೆರೆಯ ಪಕ್ಕ ಗೆರೆ ಎಳೆಯಬೇಕು. ಪೀಟರ್‌ನ ಕೈ ಪಳಗಿದ್ದು ಈ ಶಿಸ್ತಿನಲ್ಲಿ. ವಂಡರ್ ವುಮನ್‌ಳ ಕೂದಲನ್ನು ಒಂದು ಸಲ ಮೇಲಕ್ಕೆತ್ತಿ ಕಟ್ಟಿದ ಹಾಗೆ ಊಹಿಸಿಕೊಳ್ಳಿ, ಗಿಬ್ಸನ್ ಹುಡುಗಿ ಎದುರು ನಿಲ್ಲುತ್ತಾಳೆ.

ಆದರೆ ಗಿಬ್ಸನ್ ಹುಡುಗಿ ಸೋಫಾದ ಮೇಲೆ ಕೂತವಳು. ಅವಳನ್ನು ಎಬ್ಬಿಸಿ ಬೀದಿಗೆ ತಂದವರು ಬೇರೆ. ‘ಜಡ್ಜ್’ ಎಂಬ ಹಾಸ್ಯಪತ್ರಿಕೆ 1912ರಲ್ಲಿ ಆಧುನಿಕ ಮಹಿಳೆಗೆಂದೇ ಒಂದು ಪುಟ ಶುರುಮಾಡಿತು, ಹೆಂಗಸರ ಮತದಾನದ ಹಕ್ಕನ್ನು ಬೆಂಬಲಿಸುವ ಪುಟ. ಅದರ ಮುಖ್ಯ ಚಿತ್ರಗಾರ್ತಿ ಲೂ ರೋಜರ್ಸ್. ನಿಜ ಹೆಸರು ಆನಿ ಲುಕಾಸ್ಟಾ ರೋಜರ್ಸ್. ಹೆಣ್ಣಿನ ಹೆಸರು ಕಂಡರೆ ಸಂಪಾದಕರು ವ್ಯಂಗ್ಯಚಿತ್ರ ವಾಪಸು ಕಳಿಸುತ್ತಿದ್ದ ಕಾಲವಾದ್ದರಿಂದ ಲೂ ಎಂಬ ಗಂಡೂ ಆಗಬಹುದಾದ ಹೆಸರು ಇಟ್ಟುಕೊಂಡಿದ್ದಳು. ಅದೇ ಪುಟಕ್ಕೆ ಆಗಾಗ ಚಿತ್ರ ಬರೆದುಕೊಟ್ಟವನು ಹ್ಯಾರಿ ಪೀಟರ್. 1912ರ ಅಕ್ಟೋಬರಿನಲ್ಲಿ ರೋಜರ್ಸ್ ಬರೆದ ಒಂದು ಚಿತ್ರ ಅಲ್ಲಿ ಅಚ್ಚಾಯಿತು: ಮೈಗೆ ಹಗ್ಗ ಬಿಗಿದ ಹೆಣ್ಣೊಬ್ಬಳು ತೋಳು ಬಿಗಿಹಿಡಿದು ಆ ಹಗ್ಗವನ್ನು ಹರಿಯುತ್ತಿದ್ದಾಳೆ. ಹಗ್ಗದ ಮೇಲೆ ಬರೆದದ್ದರ ಅರ್ಥ, ರಾಜಕೀಯ ಹೆಂಗಸರ ಜಾಗವಲ್ಲ ಎಂದು. ಈ ಚಿತ್ರವನ್ನು ಮತ್ತು 1940ರ ದಶಕದ ಯಾವುದೇ ವಂಡರ್ ವುಮನ್ ಸಂಚಿಕೆಯಲ್ಲಿ ಆಕೆ ಸಂಕೋಲೆ ಕಡಿಯುವ ಚೌಕವನ್ನು ಪಕ್ಕಪಕ್ಕ ಇಟ್ಟರೆ ಮೂವತ್ತು ವರ್ಷಗಳ ಅಂತರ ಕರಗಿಹೋಗುತ್ತದೆ. ಅದೇ ಹಿಂದಕ್ಕೆ ಬಾಗಿದ ಎದೆ, ಅದೇ ಬಿಗಿದ ತೋಳು.

ಸಂಕೋಲೆ ಆ ಚಳವಳಿಯ ಭಾಷೆಯೇ ಆಗಿತ್ತು. 1908ರಲ್ಲಿ ಲಂಡನ್ನಿನ ಹೋರಾಟಗಾರ್ತಿಯರು ಪ್ರಧಾನಿಯ ಮನೆಯ ಕಂಬಿಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡಿದ್ದರು. 1911ರಲ್ಲಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಭಾಷಣಕ್ಕೆ ಬಂದಾಗ ಹಾರ್ವರ್ಡ್ ತನ್ನ ಆವರಣದೊಳಗೆ ಜಾಗ ಕೊಡಲಿಲ್ಲ, ಆಕೆ ಹೊರಗಿನ ಸಭಾಂಗಣವೊಂದರಲ್ಲಿ ಮಾತಾಡಿದಳು. ಆ ವರ್ಷ ಅಲ್ಲಿ ಹೊಸ ವಿದ್ಯಾರ್ಥಿಯಾಗಿದ್ದವನು ಮಾರ್ಸ್ಟನ್. 1913ರ ಮಾರ್ಚ್ 3ರಂದು ವಾಷಿಂಗ್ಟನ್ನಿನ ಮೆರವಣಿಗೆಯ ಮುಂದೆ ಇನೆಜ್ ಮಿಲ್‌ಹೊಲ್ಯಾಂಡ್ ಬಿಳಿ ಉಡುಪು ತೊಟ್ಟು ಬಿಳಿ ಕುದುರೆ ಏರಿ ಹೊರಟ ಫೋಟೋ ಪ್ರಸಿದ್ಧ. 1942ರ ಬೇಸಿಗೆಯಲ್ಲಿ ಬಂದ ‘ವಂಡರ್ ವುಮನ್’ ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟದಲ್ಲಿ ಆಕೆ ಕುದುರೆಯ ಮೇಲೆ ಶತ್ರು ಸೈನಿಕರ ನಡುವೆ ನುಗ್ಗುತ್ತಿದ್ದಾಳೆ. ನನ್ನ ಮನಸ್ಸಿನಲ್ಲಿ ಈ ಎರಡು ಕುದುರೆಗಳು ಒಂದೇ ಲಾಯದವು.

ಹಾಗೆಂದು ಸಂಕೋಲೆಯ ವಿಷಯವನ್ನು ಇಲ್ಲಿಗೇ ತೊಳೆದು ಶುದ್ಧಮಾಡಿಬಿಡಲಾಗುವುದಿಲ್ಲ. ಮಾರ್ಸ್ಟನ್ ಬರೆದ ಕಥೆಗಳಲ್ಲಿ ಹೆಂಗಸರನ್ನು ಕಟ್ಟಿಹಾಕುವುದು ಅತಿಯಾಗಿದೆ, ಪುಟಪುಟಕ್ಕೂ ಇದೆ. ಯಾವ ಸರಪಳಿ ಎಲ್ಲಿ ಸುತ್ತಬೇಕು, ಯಾವ ಕೊಂಡಿ ಎಲ್ಲಿಗೆ ಸೇರಬೇಕು ಎಂದು ಅವನು ಪೀಟರ್‌ಗೆ ಉದ್ದುದ್ದ ಸೂಚನೆ ಕೊಡುತ್ತಿದ್ದ. ಮಕ್ಕಳ ಓದಿನ ತಜ್ಞೆ ಜೋಸೆಟ್ ಫ್ರ್ಯಾಂಕ್ 1943ರಲ್ಲಿ ಗೇನ್ಸ್‌ಗೆ ಆಕ್ಷೇಪಣೆಯ ಪತ್ರ ಬರೆದಳು. ಗೇನ್ಸ್ ತನ್ನ ಕಚೇರಿಯ ಸಹ ಸಂಪಾದಕಿ ಡೊರೊತಿ ರೂಬಿಚೆಕ್‌ಳಿಂದ ಒಂದು ಪಟ್ಟಿ ಮಾಡಿಸಿದ, ಸರಪಳಿ ಇಲ್ಲದೆ ಹೆಂಗಸರನ್ನು ಸೆರೆಯಲ್ಲಿಡುವ ಬಗೆಗಳ ಪಟ್ಟಿ! ಇದರಿಂದ ಸರಪಳಿಗಳನ್ನು ಶೇ. 50ರಿಂದ 75ರಷ್ಟು ಕಡಿಮೆ ಮಾಡಬಹುದು, ಕಥೆಯ ರೋಚಕತೆಗೂ ಮಾರಾಟಕ್ಕೂ ಧಕ್ಕೆಯಾಗುವುದಿಲ್ಲ ಎಂದು ಮಾರ್ಸ್ಟನ್‌ಗೆ ಬರೆದ. ಕಚೇರಿ ಪತ್ರಗಳಲ್ಲಿ ಇಷ್ಟು ಗಂಭೀರವಾಗಿ ಇಷ್ಟು ವಿಚಿತ್ರವಾದದ್ದನ್ನು ನಾನು ಓದಿದ್ದು ಕಡಿಮೆ. ಮಾರ್ಸ್ಟನ್‌ನ ಆಸಕ್ತಿಯಲ್ಲಿ ಹೋರಾಟದ ನೆನಪು ಎಷ್ಟು, ಖಾಸಗಿ ಕಾಮನೆ ಎಷ್ಟು ಎಂದು ಬೇರ್ಪಡಿಸುವ ಗೋಜಿಗೆ ಹೋಗುವುದಿಲ್ಲ. ಎರಡೂ ಇವೆ. ಆದರೆ ಚಿತ್ರದಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪೀಟರ್ ಕಟ್ಟಿಹಾಕಿದ ಹೆಣ್ಣನ್ನು ಸಪ್ಪೆಯಾಗಿ, ಲೆಕ್ಕದ ಪುಸ್ತಕದಲ್ಲಿ ನಮೂದಿಸಿದಂತೆ ಬರೆಯುತ್ತಾನೆ. ಸರಪಳಿಯ ಒಂದೊಂದು ಕೊಂಡಿಯೂ ಇದೆ, ಮುಖದಲ್ಲಿ ಮಾತ್ರ ನೋವಿನ ಸುಖವಿಲ್ಲ, ಸಿಟ್ಟಿದೆ ಅಥವಾ ಯೋಚನೆಯಿದೆ. ಅವನ ಉತ್ಸಾಹವೆಲ್ಲ ಬಿಡುಗಡೆಯ ಚೌಕಕ್ಕೆ ಮೀಸಲು. ಅಲ್ಲಿ ಕೊಂಡಿಗಳು ಹೂವಿನ ಎಸಳುಗಳ ಹಾಗೆ ಸಿಡಿದು ಚೆದುರುತ್ತವೆ.

ಪೀಟರ್‌ನ ನಿಜವಾದ ಬಲ ನೋಡಬೇಕೆಂದರೆ ಖಳರನ್ನು ನೋಡಬೇಕು. ಡಾಕ್ಟರ್ ಸೈಕೋ 1943ರಲ್ಲಿ ಐದನೇ ಸಂಚಿಕೆಯಲ್ಲಿ ಬರುತ್ತಾನೆ, ಹೆಂಗಸರನ್ನು ದ್ವೇಷಿಸುವ ಕುಳ್ಳ ವಿಜ್ಞಾನಿ. ದೊಡ್ಡ ತಲೆ, ಪುಟ್ಟ ಮೈ, ಉರಿಯುವ ಕಣ್ಣು. ಆ ಮುಖದ ತುಂಬ ಗೆರೆಗಳು ಗೆದ್ದಲಿನ ಹಾಗೆ ಹರಿದಾಡುತ್ತವೆ. ಅದಕ್ಕಿಂತ ನನಗೆ ಪ್ರಿಯವಾದದ್ದು ಆರನೇ ಸಂಚಿಕೆಯ ಚೀತಾ. ಪ್ರಿಸಿಲ್ಲಾ ರಿಚ್ ಶ್ರೀಮಂತ ಮನೆತನದ ಹೆಣ್ಣು. ವಂಡರ್ ವುಮನ್‌ಳ ಮೇಲಿನ ಹೊಟ್ಟೆಕಿಚ್ಚಿನಿಂದ ಕುದಿಯುತ್ತ ಅಲಂಕಾರದ ಕನ್ನಡಿಯ ಮುಂದೆ ಕುಸಿಯುತ್ತಾಳೆ. ತಲೆಯೆತ್ತಿ ನೋಡಿದರೆ ಕನ್ನಡಿಯಲ್ಲಿ ಇರುವುದು ಅವಳಲ್ಲ, ಚಿರತೆಯ ತೊಗಲು ತೊಟ್ಟ ಇನ್ನೊಬ್ಬಳು. ಆ ಇನ್ನೊಬ್ಬಳು ಇವಳಿಗೆ ಅಪ್ಪಣೆ ಮಾಡುತ್ತಾಳೆ, ಆ ಹಾಸಿನ ಚರ್ಮದಿಂದ ನನ್ನಂಥದೇ ಉಡುಪು ಹೊಲಿ ಎಂದು. ಕೋಣೆಯಲ್ಲಿ ಕನ್ನಡಿ ಬಿಟ್ಟರೆ ಹೆಚ್ಚೇನೂ ಇಲ್ಲ. ಹಿನ್ನೆಲೆಯನ್ನು ಖಾಲಿ ಬಿಡುವ ಪೀಟರ್‌ನ ಅಭ್ಯಾಸವನ್ನು ಸೋಮಾರಿತನ ಎಂದವರಿದ್ದಾರೆ. ಇಲ್ಲಿ ಆ ಖಾಲಿತನವೇ ಭಯ ಹುಟ್ಟಿಸುತ್ತದೆ. ಎರಡು ಮುಖ, ನಡುವೆ ಒಂದು ಚೌಕಟ್ಟು, ಅಷ್ಟೇ.

ನಗೆಯೂ ಇದೆ. ಅಮೆಜಾನರು ಕುದುರೆಯ ಬದಲು ದೈತ್ಯ ಕಾಂಗರೂಗಳನ್ನು ಏರಿ ಪಂದ್ಯ ಆಡುತ್ತಾರೆ. ಇಂಥದ್ದನ್ನು ನಂಬಿಸಲು ಹೋದ ಚಿತ್ರಗಾರ ಸೋಲುತ್ತಾನೆ. ಪೀಟರ್ ನಂಬಿಸಲು ಹೋಗುವುದೇ ಇಲ್ಲ, ಪಂಚಾಂಗದಲ್ಲಿ ರಾಶಿಗಳ ಚಿತ್ರ ಬರೆದ ಹಾಗೆ ನಿರಾಳವಾಗಿ ಬರೆದುಬಿಡುತ್ತಾನೆ. ಅದೃಶ್ಯ ವಿಮಾನ ಇನ್ನೊಂದು. ಕಾಣದ ವಿಮಾನವನ್ನು ಹೇಗೆ ಬರೆಯುವುದು? ಬರೀ ಅಂಚು. ಒಳಗೆ ಆಕಾಶ, ಆಕಾಶದ ನಡುವೆ ಕೂತ ಹೆಣ್ಣು. ಕಾಣದ್ದನ್ನು ಕಾಣಿಸಲು ಗೆರೆಯೊಂದೇ ಸಾಕು ಎಂದು ಗೊತ್ತಿದ್ದ ಕೈ ಅದು.

ಕೈ ಎಂದೆ, ನಿಜದಲ್ಲಿ ಅದು ಒಂದೇ ಕೈಯಲ್ಲ. ತಿಂಗಳಿಗೊಮ್ಮೆ ‘ಸೆನ್ಸೇಷನ್ ಕಾಮಿಕ್ಸ್’, ಮೂರು ತಿಂಗಳಿಗೊಮ್ಮೆ ‘ವಂಡರ್ ವುಮನ್’, ‘ಕಾಮಿಕ್ ಕ್ಯಾವಲ್‌ಕೇಡ್’ ಎಂಬ ಇನ್ನೊಂದು, 1944ರಿಂದ 1945ರ ವರೆಗೆ ದಿನಪತ್ರಿಕೆಗಳಲ್ಲಿ ಪ್ರತಿದಿನದ ಪಟ್ಟಿ. ಒಬ್ಬ ಮುದುಕನಿಂದ ಆಗುವ ಕೆಲಸವಲ್ಲ. ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂ ಬಳಿ ಮಾರ್ಸ್ಟನ್ ತೆರೆದ ಕಚೇರಿಯಲ್ಲಿ ಪೀಟರ್‌ನ ಜೊತೆ ಸಹಾಯಕರು ಕೂತು ಕೆಲಸ ಮಾಡುತ್ತಿದ್ದರು, ಅವರಲ್ಲಿ ಹೆಂಗಸರೂ ಇದ್ದರು. ಬಣ್ಣದ ಕೆಲಸ ಹೆಲೆನ್ ಶೆಪೆನ್ಸ್‌ಳದ್ದು. 1944ರಲ್ಲಿ ಅಲ್ಲಿಗೆ ಬಂದವಳು ಜಾಯ್ ಹಮ್ಮೆಲ್, ಮಾರ್ಸ್ಟನ್ ಪಾಠ ಹೇಳುತ್ತಿದ್ದ ಸೆಕ್ರೆಟರಿ ಶಾಲೆಯ ವಿದ್ಯಾರ್ಥಿನಿ. ಟೈಪ್ ಮಾಡಲು ಬಂದವಳು ಕಥೆಗಳನ್ನೇ ಬರೆಯತೊಡಗಿದಳು. ಆ ವರ್ಷ ಮಾರ್ಸ್ಟನ್ ಪೋಲಿಯೋ ತಗುಲಿ ಮಲಗಿದ ಮೇಲಂತೂ ಆಕೆಯ ಹೊರೆ ಹೆಚ್ಚಿತು. ಎಪ್ಪತ್ತಕ್ಕೂ ಹೆಚ್ಚು ಕಥೆಗಳು ಆಕೆಯವು. ಪುಟದ ಮೇಲೆ ಅಚ್ಚಾದದ್ದು ಮಾತ್ರ ಚಾರ್ಲ್ಸ್ ಮೌಲ್ಟನ್ ಎಂಬ ಹೆಸರು, ಗೇನ್ಸ್ ಮತ್ತು ಮಾರ್ಸ್ಟನ್ ಇಬ್ಬರ ನಡುಹೆಸರು ಕೂಡಿಸಿ ಮಾಡಿದ್ದು. ಸ್ತ್ರೀಶಕ್ತಿಯ ಪತ್ರಿಕೆಯಲ್ಲಿ ಕಥೆ ಬರೆದ ಹೆಣ್ಣಿನ ಹೆಸರಿಲ್ಲ. ಜಾಯ್‌ಗೆ ಸಾರ್ವಜನಿಕ ಗೌರವ ಸಿಕ್ಕಿದ್ದು 2018ರಲ್ಲಿ, ಬಿಲ್ ಫಿಂಗರ್ ಪ್ರಶಸ್ತಿಯ ರೂಪದಲ್ಲಿ. ಆಗ ಆಕೆಗೆ ತೊಂಬತ್ತು ದಾಟಿತ್ತು. 2021ರಲ್ಲಿ ತೀರಿಕೊಂಡಳು.

ಮೆಚ್ಚುವ ಭರದಲ್ಲಿ ಒಂದನ್ನು ಬಚ್ಚಿಡಬಾರದು. ಯುದ್ಧಕಾಲದ ಸಂಚಿಕೆಗಳಲ್ಲಿ ಪೀಟರ್ ಜಪಾನೀಯರನ್ನು ಬರೆದ ರೀತಿ ಅಸಹ್ಯ: ಹಳದಿ ಮುಖ, ಮುಂದೆ ಚಾಚಿದ ಹಲ್ಲು, ಸೀಳುಗಣ್ಣು. ಅಂದಿನ ಅಮೆರಿಕದ ಬಹುತೇಕ ಕಾಮಿಕ್ಸ್ ಹೀಗೇ ಇದ್ದವು ನಿಜ, ಆದರೆ ಹೆಣ್ಣಿನ ಮುಖಕ್ಕೆ ಅಷ್ಟು ಘನತೆ ಕೊಡಬಲ್ಲ ಲೇಖನಿ ಇಲ್ಲಿ ಬೇಕೆಂದೇ ಕುರುಡಾಗಿದೆ. ಆತ ಕಲಿತ ಹಳೆಯ ಹಾಸ್ಯಪತ್ರಿಕೆಗಳ ಪರಂಪರೆಯಲ್ಲಿ ಎರಡೂ ಇದ್ದವು, ಮತದಾನದ ಹಕ್ಕು ಕೇಳುವ ಹೆಣ್ಣೂ, ಪರಕೀಯನನ್ನು ಪ್ರಾಣಿಯಂತೆ ತೋರಿಸುವ ಚಾಳಿಯೂ. ಪೀಟರ್ ಎರಡನ್ನೂ ಹೊತ್ತು ತಂದ.

ಮಾರ್ಸ್ಟನ್ 1947ರ ಮೇ ತಿಂಗಳಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಜಾಯ್ ಅದೇ ವರ್ಷ ಕೆಲಸ ಬಿಟ್ಟಳು. ಕಥೆ ರಾಬರ್ಟ್ ಕ್ಯಾನಿಗರ್‌ನ ಕೈಗೆ ಹೋಯಿತು. ಯುದ್ಧ ಮುಗಿದಿತ್ತು, ಕಾರ್ಖಾನೆಗೆ ಹೋದ ಹೆಂಗಸರನ್ನು ಅಡುಗೆಮನೆಗೆ ವಾಪಸು ಕಳಿಸುವ ಹೊತ್ತು. ‘ಇತಿಹಾಸದ ವಂಡರ್ ವುಮನ್‌ಗಳು’ ಎಂಬ ನಾಲ್ಕು ಪುಟದ ಅಂಕಣವೊಂದು ಮೊದಲ ಸಂಚಿಕೆಯಿಂದಲೂ ಬರುತ್ತಿತ್ತು. ಶುರುವಾದದ್ದು ಫ್ಲಾರೆನ್ಸ್ ನೈಟಿಂಗೇಲ್‌ಳಿಂದ, ಐದನೆಯದರಲ್ಲಿ ಮತದಾನ ಹೋರಾಟದ ಸೂಸನ್ ಬಿ. ಆಂಥನಿ. ಟೆನಿಸ್ ತಾರೆ ಆಲಿಸ್ ಮಾರ್ಬಲ್ ಅದರ ಸಂಪಾದಕಿಯಾಗಿದ್ದಳು. ಅದು ನಿಂತು, ಅದರ ಜಾಗದಲ್ಲಿ ಬೇರೆ ಬೇರೆ ಊರುಗಳ ಮದುವೆಯ ಪದ್ಧತಿಗಳ ಬಗ್ಗೆ ಅಂಕಣ ಬಂತು. 1949ರ ಕೊನೆಯ ‘ಸೆನ್ಸೇಷನ್ ಕಾಮಿಕ್ಸ್’ 94ರ ಮುಖಪುಟದಲ್ಲಿ ಸ್ಟೀವ್ ಟ್ರೆವರ್ ಆಕೆಯನ್ನು ಎರಡೂ ತೋಳಲ್ಲಿ ಎತ್ತಿ ಹೊಳೆ ದಾಟಿಸುತ್ತಿದ್ದಾನೆ. ಟ್ಯಾಂಕುಗಳನ್ನು ಎತ್ತುವವಳಿಗೆ ಹೊಳೆ ದಾಟಲು ಗಂಡಸಿನ ತೋಳು! ಅದನ್ನು ಬರೆದವನು ಪೀಟರ್ ಅಲ್ಲ, ಅರ್ವಿನ್ ಹೇಸನ್. ಮುಖಪುಟಗಳನ್ನು ಮುದುಕನ ಕೈಯಿಂದ ತೆಗೆದು ಹೊಸಬರಿಗೆ ಕೊಟ್ಟಾಗಿತ್ತು. ಒಳಪುಟಗಳಲ್ಲಿ ಅವನು ಬರೆಯುತ್ತಲೇ ಇದ್ದ. ಈ ಕಾಲದ ಪ್ರತಿಗಳನ್ನು ನೋಡುವುದು ಒಂದು ವಿಚಿತ್ರ ಅನುಭವ. ಹೊರಗೆ ನುಣುಪಾದ ಪ್ರೇಮಕಥೆಯ ಚೆಲುವೆ, ಪುಟ ತಿರುಗಿಸಿದರೆ ಒಳಗೆ ಅದೇ ಹಳೆಯ ಗಿಬ್ಸನ್ ಮೊಮ್ಮಗಳು.

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಎಂದು ಪುಸ್ತಕ ಬರೆದ. ವಂಡರ್ ವುಮನ್ ಗಂಡಸರ ದ್ವೇಷಿ, ಸಲಿಂಗಿ ಎಂಬುದು ಅವನ ಆರೋಪ. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ನೀತಿಸಂಹಿತೆ ಹಾಕಿಕೊಂಡರು. ಪೀಟರ್‌ನ ಕೊನೆಯ ವರ್ಷಗಳ ಗೆರೆ ತೆಳುವಾಗಿದೆ, ಸಣ್ಣ ಗೆರೆಗಳ ಕಸೂತಿ ಮಾಯವಾಗಿದೆ. ವಯಸ್ಸು ಎಪ್ಪತ್ತೈದು ದಾಟಿತ್ತು. 1958ರ ಜನವರಿ 2ರಂದು ಆತ ಸತ್ತ. ಅವನು ಬರೆದ ಕೊನೆಯ ಸಂಚಿಕೆ 97, ಅದರ ಮೇಲಿನ ದಿನಾಂಕ 1958ರ ಏಪ್ರಿಲ್. 98ರಿಂದ ರಾಸ್ ಆಂಡ್ರು ಮತ್ತು ಮೈಕ್ ಎಸ್ಪೊಸಿಟೊ ಬಂದರು, ಇಬ್ಬರೂ ನುರಿತವರು, ಇಬ್ಬರಿಗೂ ಅಂಗರಚನೆ ಚೆನ್ನಾಗಿ ಗೊತ್ತಿತ್ತು. ಆಕೆಯ ಮುಖ ಅಂದಿನ ಜಾಹೀರಾತುಗಳ ಹುಡುಗಿಯರ ಮುಖವಾಯಿತು. ನುಣುಪಾಗಿತ್ತು, ಆದರೆ ಯಾರ ಮುಖವಾದರೂ ಆಗಬಹುದಿತ್ತು. 1968ರಲ್ಲಿ ಆಕೆಯ ಶಕ್ತಿ, ಉಡುಪು ಎರಡನ್ನೂ ಕಿತ್ತುಕೊಂಡು ಬಟ್ಟೆ ಅಂಗಡಿ ಇಟ್ಟುಕೊಟ್ಟ ಕಥೆ ಇನ್ನೂ ಬೇಸರದ್ದು. 1972ರಲ್ಲಿ ಗ್ಲೋರಿಯಾ ಸ್ಟೈನೆಮ್ ತನ್ನ ‘ಮಿಸ್’ ಪತ್ರಿಕೆಯ ಜುಲೈ ಸಂಚಿಕೆಯ ಮುಖಪುಟಕ್ಕೆ ವಂಡರ್ ವುಮನ್‌ಳನ್ನು ಹಾಕಿ, ಅಧ್ಯಕ್ಷ ಪದವಿಗೆ ಈಕೆ ಎಂದು ಬರೆಸಿದಾಗ ಅದು 1943ರ ಏಳನೇ ಸಂಚಿಕೆಯಲ್ಲಿ ಪೀಟರ್ ಬರೆದಿದ್ದ ಮುಖಪುಟದ ಪ್ರತಿಧ್ವನಿ. ಅದೇ ವರ್ಷ ಹಳೆಯ ಕಥೆಗಳ ಆಯ್ದ ಸಂಕಲನವೂ ಸ್ಟೈನೆಮ್‌ಳ ಮುನ್ನುಡಿಯೊಂದಿಗೆ ಬಂತು. ಹೊಸ ಪೀಳಿಗೆಯ ಹೆಣ್ಣುಮಕ್ಕಳು ಪೀಟರ್‌ನ ಚಿತ್ರಗಳನ್ನು ನೋಡಿದ್ದು ಹೀಗೆ.

ಡಿಸಿ ಸಂಸ್ಥೆಯಲ್ಲಿ ವಂಡರ್ ವುಮನ್‌ಳ ಒಂದು ಇಡೀ ಮಾಲಿಕೆಗೆ ಒಬ್ಬ ಹೆಣ್ಣು ಚಿತ್ರಗಾರ್ತಿ ಬರಲು 1986 ಆಗಬೇಕಾಯಿತು, ಆಕೆ ಹುಟ್ಟಿ ನಲವತ್ತೈದು ವರ್ಷದ ಮೇಲೆ. ಟ್ರೀನಾ ರಾಬಿನ್ಸ್, ಅಮೆರಿಕದ ಹೆಣ್ಣು ಕಾಮಿಕ್ಸ್ ಚಿತ್ರಗಾರ್ತಿಯರ ಮರೆತ ಚರಿತ್ರೆಯನ್ನು ಹೆಕ್ಕಿ ತೆಗೆದವರು, ಕರ್ಟ್ ಬ್ಯೂಸಿಕ್ ಜೊತೆ ನಾಲ್ಕು ಸಂಚಿಕೆಗಳ ಒಂದು ಕಿರುಮಾಲಿಕೆ ಮಾಡಿದರು. ತಮ್ಮದೇ ಶೈಲಿಯಲ್ಲಿ ಬರೆಯುವ ಅವಕಾಶ ಸಿಕ್ಕಿತ್ತು. ಅವರು ಆರಿಸಿಕೊಂಡದ್ದು ಪೀಟರ್‌ನ ಶೈಲಿಯನ್ನು. ಆ ಸುರುಳಿ ಕೂದಲು, ಆ ದಪ್ಪ ಅಂಚು, ಆ ಓಟಗಾರ್ತಿಯ ಮೈ. ಎಲ್ಲರೂ ಕ್ಷಮೆ ಕೇಳುತ್ತಿದ್ದ ಚಿತ್ರಗಳನ್ನು ಅವರು ಶಿಷ್ಯೆಯ ಹಾಗೆ ಕೂತು ತಿದ್ದಿ ಕಲಿತಿದ್ದರು. 2024ರಲ್ಲಿ ರಾಬಿನ್ಸ್ ತೀರಿಕೊಂಡರು.

ಈ ಚಿತ್ರಗಳನ್ನು ನೋಡಬೇಕೆನ್ನುವವರಿಗೆ ಒಂದು ಮಾತು. ಡಿಸಿ ತಂದ ಹೊಳಪು ಕಾಗದದ ಸಂಪುಟಗಳಲ್ಲಿ ಬಣ್ಣವನ್ನು ಹೊಸದಾಗಿ ತುಂಬಲಾಗಿದೆ. ಕೆಂಪು ಕಣ್ಣಿಗೆ ರಾಚುತ್ತದೆ, ಬಿಳಿ ಕಾಗದದ ಮೇಲೆ ಸಣ್ಣ ಗೆರೆಗಳು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಸಾಧ್ಯವಾದರೆ ಹಳೆಯ ಸಂಚಿಕೆಯನ್ನೇ ಸ್ಕ್ಯಾನ್ ಮಾಡಿದ ಪ್ರತಿ ಹುಡುಕಿ. ಹತ್ತು ಸೆಂಟಿನ ಆ ಪತ್ರಿಕೆ ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ, ನಾಲ್ಕೇ ಮಸಿಯಲ್ಲಿ, ಚುಕ್ಕೆಚುಕ್ಕೆಯಾಗಿ. ಕಾಗದ ಹಳದಿಯಾಗಿ, ಕೆಂಪು ಸ್ವಲ್ಪ ಮಂಕಾಗಿ, ನೀಲಿ ಲಂಗದ ನಕ್ಷತ್ರಗಳ ಮೇಲೆ ಮಸಿ ತುಸು ಜಾರಿರುತ್ತದೆ. ಅಲ್ಲಿ ಗೆರೆ ಕಾಗದದೊಳಕ್ಕೆ ಇಳಿದು ಕೂತಿರುತ್ತದೆ. ಚೀತಾಳ ಕನ್ನಡಿಯ ಪುಟವನ್ನು ಮೊದಲು ತೆರೆಯಿರಿ, ಮಾತಿನ ಗುಳ್ಳೆಗಳನ್ನು ಓದುವ ಅವಸರ ಬೇಡ.